ಕ್ರೀಮ್ ಬಿಟ್ಟ ಎರಡನೇ ದಿನಕ್ಕೆ ಮುಖ ಉರಿಯುತ್ತದೆ, ಮದುವೆಗೆ ಒಂಬತ್ತು ವಾರ ಉಳಿದಿದೆ

ಅಂಕೋಲೆಯ ಅಬ್ಬಲಿಗೆ (ಸೋಮವಾರ, ರಾತ್ರಿ 9.40)

ಬರೆಯುವುದೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ವಿಷಯ ನನ್ನ ಅಕ್ಕನ ಮಗಳದು. "ಬರೆ ಚಿಕ್ಕಿ, ಹೆಸರು ಮಾತ್ರ ಹಾಕಬೇಡ" ಎಂದು ಅವಳೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

ಹುಡುಗಿಗೆ 25 ವರ್ಷ. ನಮ್ಮ ಮನೆಯ ಎಲ್ಲರಂತೆ ಎಣ್ಣೆಗೆಂಪು ಬಣ್ಣ. ಕಳೆದ ವರ್ಷ ನೋಡಲು ಬಂದಿದ್ದ ಒಂದು ಮನೆಯವರು ಹೊರಡುವಾಗ, ಜಗಲಿಯ ಮೆಟ್ಟಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ..." ಎಂದು ಅಲ್ಲಿಗೇ ಮಾತು ನುಂಗಿದರು. ಅವರು ಮತ್ತೆ ಫೋನ್ ಮಾಡಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಇವಳ ಗೆಳತಿಯೊಬ್ಬಳು ಒಂದು ಟ್ಯೂಬಿನ ಹೆಸರು ಬರೆದುಕೊಟ್ಟಳು. ಸಣ್ಣ ಟ್ಯೂಬ್, 15 ಗ್ರಾಂ. ರಾತ್ರಿ ಮಲಗುವಾಗ ಹಚ್ಚುವುದು. ಹದಿನೈದು ದಿನಕ್ಕೆ ಮುಖ ಹಾಲಿನಲ್ಲಿ ತೊಳೆದಂತಾಯಿತು. ಸುಳ್ಳೇಕೆ ಹೇಳಲಿ, ನಾನೂ ಹೊಗಳಿದೆ.

ಈಗ ಐದನೇ ತಿಂಗಳು. ಒಂದು ರಾತ್ರಿ ಹಚ್ಚದಿದ್ದರೆ ಕೆನ್ನೆ ಬಿಸಿಯಾಗುತ್ತದೆ, ಎರಡು ರಾತ್ರಿ ಬಿಟ್ಟರೆ ಮೆಣಸಿನ ಪುಡಿ ಬಳಿದಂತೆ ಕೆಂಪಾಗಿ ಉರಿಯುತ್ತದೆ. ಮೂಗಿನ ಪಕ್ಕದಲ್ಲಿ ಎಳೆಎಳೆಯಾಗಿ ಕೆಂಪು ನರ ಕಾಣುತ್ತಿವೆ. ಗದ್ದದ ಮೇಲೆ ಹಿಂದೆ ಇಲ್ಲದ ಸಣ್ಣ ಕೂದಲು. ಬೇರೆ ಕಡೆ ಸಂಬಂಧ ಗಟ್ಟಿಯಾಗಿದೆ, ಮದುವೆಗೆ ಒಂಬತ್ತು ವಾರ ಇದೆ. ಇದರ ಬದಲು ಹಚ್ಚಬಹುದಾದ ಒಳ್ಳೆಯ ಕ್ರೀಮ್ ಯಾವುದು? ಪೌಡರ್ ಹಾಕಿದರೂ ಪಕಳೆ ಪಕಳೆಯಾಗಿ ಎದ್ದು ನಿಲ್ಲುತ್ತದೆ. ಟ್ಯೂಬಿನ ಚಿತ್ರ ಹಾಕಿದ್ದೇನೆ.

ನಿರ್ವಾಹಕ (ಸೋಮವಾರ, ರಾತ್ರಿ 10.05)

ಚಿತ್ರ ತೆಗೆದಿದ್ದೇನೆ, ಕಂಪನಿಯ ಹೆಸರು ಇಲ್ಲಿ ಬೇಡ. ಡಬ್ಬದ ಮೇಲೆ ಸಣ್ಣಕ್ಷರದಲ್ಲಿ ಒಳಗಿರುವ ಔಷಧಗಳ ಹೆಸರು ಇರುತ್ತದೆ, ಅದನ್ನು ಬರೆಯಿರಿ.

ಅಂಕೋಲೆಯ ಅಬ್ಬಲಿಗೆ (ಸೋಮವಾರ, ರಾತ್ರಿ 10.20)

ಕನ್ನಡಕ ಹಾಕಿಕೊಂಡು ಓದಿದೆ. ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1. ಡಬ್ಬದ ಎಡ ಅಂಚಿನಲ್ಲಿ ಮೇಲಿಂದ ಕೆಳಗೆ ಒಂದು ಕೆಂಪು ಗೆರೆ ಇದೆ.

ಘಟ್ಟದ ಮೇಲಿನವಳು (ಸೋಮವಾರ, ರಾತ್ರಿ 10.31)

ಅಯ್ಯೋ ತಂಗಿ, ಮೊದಲು ಆ ಟ್ಯೂಬನ್ನು ತಿಪ್ಪೆಗೆ ಎಸೆ. ನಮ್ಮ ಆಯಿ ಎಂಬತ್ತು ದಾಟಿಯೂ ಮುಖದಲ್ಲಿ ಒಂದು ಕಲೆ ಇಲ್ಲದೆ ಇದ್ದಳು. ಕಡಲೆಹಿಟ್ಟು, ಕೆನೆ, ಚಿಟಿಕೆ ಅರಿಶಿನ, ನಾಲ್ಕು ಹನಿ ನಿಂಬೆರಸ. ಇಷ್ಟೇ. ಶಿರಸಿಯ ಜಾತ್ರೆಪೇಟೆಯಲ್ಲಿ ಎಷ್ಟೇ ಬಣ್ಣಬಣ್ಣದ ಡಬ್ಬಿ ಇಟ್ಟಿರಲಿ, ನಾನು ಬಳೆ ಅಂಗಡಿ ಬಿಟ್ಟು ಅತ್ತ ಹೋದವಳಲ್ಲ.

ಔಷಧಿ ಅಂಗಡಿಯವ (ಸೋಮವಾರ, ರಾತ್ರಿ 11.15)

ಅಬ್ಬಲಿಗೆಯವರೇ, ನಾನು ಕಾರವಾರದಲ್ಲಿ 22 ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವನು. ಆ ಮೂರು ಹೆಸರು ಓದಿದ ಕೂಡಲೇ ಅಂಗಡಿಯ ಮೂರನೇ ಕಪಾಟು ಕಣ್ಣ ಮುಂದೆ ಬಂತು.

ಇದು ಸೌಂದರ್ಯದ ಕ್ರೀಮ್ ಅಲ್ಲ, ಔಷಧ. 1975ರಲ್ಲಿ ಅಮೆರಿಕದ ಕ್ಲಿಗ್ಮನ್ ಮತ್ತು ವಿಲ್ಲಿಸ್ ಎಂಬ ಇಬ್ಬರು ಚರ್ಮದ ಬಣ್ಣ ಇಳಿಸಲು ಮೂರು ಔಷಧಗಳ ಒಂದು ಮಿಶ್ರಣವನ್ನು ಪ್ರಕಟಿಸಿದರು. ಈ ಟ್ಯೂಬ್ ಅದರ ಮೊಮ್ಮಗಳು. ಬಂಗು ಬಂದ ಜಾಗಕ್ಕೆ ಕೆಲವು ವಾರ, ವೈದ್ಯರ ಕಣ್ಣಳತೆಯಲ್ಲಿ ಹಚ್ಚುವುದಕ್ಕೆ ಅದು ಸರಿ. ಹೈಡ್ರೋಕ್ವಿನೋನ್ ಚರ್ಮದಲ್ಲಿ ಬಣ್ಣ ತಯಾರಿಸುವ ಕಿಣ್ವದ ಕೈ ಕಟ್ಟುತ್ತದೆ. ಟ್ರೆಟಿನಾಯಿನ್ ಮೇಲಿನ ಪದರವನ್ನು ಬೇಗ ಬೇಗ ಉದುರಿಸುತ್ತದೆ. ಬಸಿರಿಯರು ಅದನ್ನು ಮುಟ್ಟುವಂತಿಲ್ಲ, ಮದುವೆಯ ಹುಡುಗಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಮೂರನೆಯ ಮೊಮೆಟಾಸೋನ್ ಸ್ಟೆರಾಯ್ಡ್. ಎಲ್ಲ ಮಾಯೆಯೂ ಅದರದೇ. ರಕ್ತನಾಳಗಳನ್ನು ಬಿಗಿಯುತ್ತದೆ, ಕೆಂಪು ಮತ್ತು ಮೊಡವೆಯ ಊತ ಇಳಿಸುತ್ತದೆ. ಹದಿನೈದು ದಿನದ ಹಾಲು ಮುಖ ಎಂದರೆ ಇದೇ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಒಳಗಿನ ನರ ಹೊರಗೆ ಕಾಣುತ್ತದೆ, ಕೂದಲು ಹುಟ್ಟುತ್ತದೆ. ಬಿಗಿದಿದ್ದ ರಕ್ತನಾಳಗಳು ಔಷಧ ಸಿಗದ ದಿನ ಒಮ್ಮೆಗೇ ಹಿಗ್ಗುತ್ತವೆ. ನಿಮ್ಮ ಹುಡುಗಿಗೆ ಉರಿಯುವುದು ಅದಕ್ಕೇ. ಅದನ್ನು ಶಮನ ಮಾಡಲು ಅದೇ ಟ್ಯೂಬ್ ಬೇಕಾಗುತ್ತದೆ, ಸಾರಾಯಿಯ ಹಾಗೆ.

ಆದ್ದರಿಂದ ತಿಪ್ಪೆಗೂ ಬೇಡ, ಇನ್ನೊಂದು ಕ್ರೀಮೂ ಬೇಡ. ಟ್ಯೂಬನ್ನು ಡಬ್ಬದ ಸಮೇತ ಚೀಲದಲ್ಲಿ ಹಾಕಿಕೊಂಡು ಚರ್ಮವೈದ್ಯರ ಬಳಿಗೆ ಹೋಗಿ. ಒಮ್ಮೆಗೇ ನಿಲ್ಲಿಸಬೇಕೋ, ಮೆಲ್ಲಗೆ ಇಳಿಸಬೇಕೋ ಎಂಬುದನ್ನು ಮುಖ ನೋಡಿದವರೇ ಹೇಳಬೇಕು, ನನ್ನಂಥವನು ಮೊಬೈಲ್ ನೋಡಿಕೊಂಡು ಹೇಳುವುದಲ್ಲ.

ಕೆಂಪು ಗೆರೆಯ ಅರ್ಥ: ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2018ರಲ್ಲಿ ಕೇಂದ್ರ ಸರಕಾರ ಹಚ್ಚುವ ಸ್ಟೆರಾಯ್ಡುಗಳ ಒಂದು ದೊಡ್ಡ ಪಟ್ಟಿಯನ್ನೇ ಚೀಟಿಯ ಔಷಧಗಳ ಸಾಲಿಗೆ ಸೇರಿಸಿತು. ಅದಕ್ಕಿಂತ ಮೊದಲು ನಾನೂ ಕೇಳಿದವರಿಗೆಲ್ಲ ಕೊಟ್ಟಿದ್ದೇನೆ. "ಬಿಳಿಯಾಗುವ ಟ್ಯೂಬ್ ಕೊಡಿ" ಎಂದರೆ ಎದ್ದು ತೆಗೆದುಕೊಡುತ್ತಿದ್ದೆ. ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ ಹೆಂಗಸು ಆಮೇಲೆ ವಾರಕ್ಕೊಮ್ಮೆ ಬರತೊಡಗಿದರು. ಕೊನೆಕೊನೆಗೆ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಬರುತ್ತಿದ್ದರು. ನಾನು ಚಿಲ್ಲರೆ ಎಣಿಸುತ್ತಿದ್ದೆ.

ಅಂಕೋಲೆಯ ಅಬ್ಬಲಿಗೆ (ಸೋಮವಾರ, ರಾತ್ರಿ 11.32)

ಅಣ್ಣಾ, ಇದನ್ನು ಓದಿ ಅವಳಿಗೆ ತೋರಿಸಿದೆ. ಏನೂ ಮಾತಾಡಲಿಲ್ಲ. ಟ್ಯೂಬ್ ಎಲ್ಲಿಂದ ತಂದಳು ಎಂದು ಕೇಳಿದೆ, ಚೀಟಿ ಯಾರೂ ಕೇಳಲಿಲ್ಲವಂತೆ.

ಕುಮಟೆಯ ಟೀಚರ್ (ಮಂಗಳವಾರ, ಬೆಳಿಗ್ಗೆ 6.50)

ಶಾಲೆಗೆ ಹೊರಡುವ ಮೊದಲು ಎರಡು ಮಾತು. ರಸಾಯನಶಾಸ್ತ್ರ ಕಲಿಸುವವಳಾದ್ದರಿಂದ ಬಾಯಿ ಕಟ್ಟಿಕೊಳ್ಳುವುದು ಕಷ್ಟ.

ಘಟ್ಟದ ಮೇಲಿನ ಅಕ್ಕಾ, ನಿಂಬೆರಸ ಮಾತ್ರ ಬೇಡವೇ ಬೇಡ. ನಿಂಬೆಯ ರಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಿಪ್ಪೆಯಲ್ಲಿ, ಬಿಸಿಲು ತಾಗಿದರೆ ಚರ್ಮವನ್ನು ಸುಡುವ ವಸ್ತುಗಳಿವೆ. ಹಚ್ಚಿಕೊಂಡು ಅಂಗಳಕ್ಕೆ ಹೋದರೆ ಮರುದಿನ ಬೊಬ್ಬೆ ಏಳಬಹುದು, ಬೊಬ್ಬೆ ಒಣಗಿದ ಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಸ್ಟೆರಾಯ್ಡಿನಿಂದ ತೆಳುವಾದ ಮುಖಕ್ಕಂತೂ ಕಡಲೆಹಿಟ್ಟಿನ ಉಜ್ಜಾಟವೂ ಸಲ್ಲದು.

ಎರಡನೆಯದು, ಸ್ನೋ ಎಂದು ನಮ್ಮ ಅಜ್ಜಿಯಂದಿರು ಹಚ್ಚುತ್ತಿದ್ದುದು ಈ ಜಾತಿಯದಲ್ಲ. ಅಫ್ಘಾನ್ ಸ್ನೋ ಮುಂಬೈಯಲ್ಲಿ 1919ರಲ್ಲಿ ಶುರುವಾಯಿತು. ಆ ಕಾಲದ ಇಂಥ ಕ್ರೀಮುಗಳಲ್ಲಿ ಮುಖ್ಯವಾಗಿ ಇದ್ದುದು ಸ್ಟಿಯರಿಕ್ ಆಮ್ಲ, ನೀರು, ಸ್ವಲ್ಪ ಕ್ಷಾರ. ಆಮ್ಲದ ಒಂದು ಪಾಲು ಕ್ಷಾರದೊಂದಿಗೆ ಸೇರಿ ಸಾಬೂನಾಗುತ್ತದೆ; ಉಳಿದ ಕೊಬ್ಬನ್ನು ನೀರಿನೊಂದಿಗೆ ಹಿಡಿದಿಡುವುದು ಆ ಸಾಬೂನೇ. ಉಜ್ಜಿದಾಗ ನೀರು ಆರಿ, ಕಣ್ಣಿಗೆ ಕಾಣದ ತೆಳು ಪದರ ಉಳಿಯುತ್ತದೆ, ಕ್ರೀಮ್ "ಮಾಯವಾಗುತ್ತದೆ". ಮೇಲೆ ಪೌಡರ್ ಹಾಕಿದರೆ ಅಂಟಿಕೊಂಡು ನಿಲ್ಲುತ್ತದೆ. ಬಣ್ಣ ಬದಲಿಸುವ ಕೆಲಸ ಅದಕ್ಕಿರಲಿಲ್ಲ. ಬೆಳ್ಳಗಾಗಿಸುತ್ತೇನೆ ಎಂದು ಹೇಳಿಕೊಂಡ ಫೇರ್ ಅಂಡ್ ಲವ್ಲಿ ಬಂದದ್ದು 1975ರಲ್ಲಿ. ಔಷಧಿ ಅಣ್ಣ ಹೇಳಿದ ಮಿಶ್ರಣವೂ ಅದೇ ವರ್ಷದ್ದು, ಕಾಕತಾಳೀಯವಷ್ಟೆ. 2020ರಲ್ಲಿ ಆ "ಫೇರ್" ಹೋಗಿ "ಗ್ಲೋ" ಆಯಿತು. ಹೆಸರು ಬದಲಾದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ನಡೆದ ಚರ್ಚೆ ಕೇಳಿದ್ದರೆ ನೀವು ನಗುತ್ತಿದ್ದಿರಿ. ಮುಗಿಸಿ ಎದ್ದಾಗ ಇಬ್ಬರು ಪರ್ಸಿನಿಂದ ಅದೇ ಟ್ಯೂಬ್ ತೆಗೆದರು.

ಘಟ್ಟದ ಮೇಲಿನವಳು (ಮಂಗಳವಾರ, ಬೆಳಿಗ್ಗೆ 10.12)

ಟೀಚರ್, ನಿಮ್ಮ ಮಾತಿಗೆ ಮೊದಲು ಸಿಟ್ಟು ಬಂತು. ಆಮೇಲೆ ದೋಸೆ ಹೊಯ್ಯುತ್ತ ನಿಂತಾಗ ನೆನಪಾಯಿತು. ನನ್ನ ನಾದಿನಿ ಒಂದು ಬೇಸಿಗೆ ಪಾನಕಕ್ಕೆ ನಿಂಬೆ ಹಿಂಡಿ, ಅದೇ ಕೈಯಿಂದ ಬೆವರು ಒರೆಸಿಕೊಂಡು ಅಡಿಕೆ ಒಣಹಾಕಲು ಅಂಗಳಕ್ಕಿಳಿದಿದ್ದಳು. ಗಲ್ಲದ ಮೇಲೆ ನಾಲ್ಕು ಬೆರಳಿನ ಆಕಾರದಲ್ಲೇ ಕಪ್ಪು ಪಟ್ಟೆ ಎದ್ದಿತು. ಯಾರೋ ಹೊಡೆದಿದ್ದಾರೆ ಎಂದು ಊರೆಲ್ಲ ಮಾತಾಯಿತು, ಪಾಪ ನನ್ನ ಭಾವನ ಮರ್ಯಾದೆ ಹೋಯಿತು. ಈಗ ಅರ್ಥವಾಯಿತು.

ನಿಂಬೆ ಬಿಟ್ಟೆ. ಮುರುಗಲ (ಕೋಕಂ) ತುಪ್ಪವನ್ನು ಬಿಡುವವಳಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುರುಗಲ ಹಣ್ಣಿನ ಸಿಪ್ಪೆ ಒಣಗಿಸಿ ಸಾರಿಗೆ ಇಟ್ಟ ಮೇಲೆ ಬೀಜ ಉಳಿಯುತ್ತದಲ್ಲ, ಅದನ್ನು ಬಿಸಿಲಿಗೆ ಹಾಕಿ, ಹೊಟ್ಟು ತೆಗೆದು, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸುತ್ತೇವೆ. ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಸೌಟಿನಿಂದ ತೆಗೆದು ತಣ್ಣಗಾಗಲು ಬಿಟ್ಟರೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಅಂಗೈಯಲ್ಲಿ ಉಂಡೆ ಕಟ್ಟಿ ಇಡುವುದು. ಮಳೆಗಾಲದ ಕೆಸರಿನಲ್ಲಿ ನಡೆದು ಹಿಮ್ಮಡಿ ಒಡೆದಾಗ, ಉಂಡೆಯನ್ನು ದೀಪದ ಬಿಸಿಗೆ ಹಿಡಿದು ಕರಗಿದ ಹನಿಯನ್ನು ಬಿರುಕಿಗೇ ಬಿಡುತ್ತಿದ್ದರು ನಮ್ಮ ಅಜ್ಜಿ. ಚುರ್ ಎನ್ನುತ್ತಿತ್ತು. ಮೂರು ರಾತ್ರಿಗೆ ಬಿರುಕು ಕೂಡುತ್ತಿತ್ತು.

ಕುಮಟೆಯ ಟೀಚರ್ (ಮಂಗಳವಾರ, ಮಧ್ಯಾಹ್ನ 1.20)

ಅಕ್ಕಾ, ನಿಮ್ಮ ಉಂಡೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಯಾವುದು ಗೊತ್ತೇ? ಅದೇ ಸ್ಟಿಯರಿಕ್ ಆಮ್ಲ. ಮುಂಬೈಯ ಸ್ನೋ ಡಬ್ಬಿಯೂ ನಿಮ್ಮ ಅಜ್ಜಿಯ ಒರಳೂ ದಾಯಾದಿಗಳು.

ಬಂದರಿನವ (ಮಂಗಳವಾರ, ರಾತ್ರಿ 8.02)

ಗಂಡಸರು ಕೇಳಬಹುದೋ ಇಲ್ಲವೋ? ಬೈತಖೋಲದ ಕಡೆ ದೋಣಿಗೆ ಹೋಗುವವನು ನಾನು. ತಂಗಿಯ ಕ್ರೀಮನ್ನು ಕದ್ದು ಹಚ್ಚಿದವನು, ಹೇಳಲು ನಾಚಿಕೆ ಇಲ್ಲ. ಗಂಡಸರಿಗೆಂದೇ ಬೇರೆ ಕ್ರೀಮ್ 2005ರಲ್ಲಿ ಬಂದ ಮೇಲೆ ಕದಿಯುವುದು ತಪ್ಪಿತು. ಎರಡೂ ಏನೂ ಮಾಡಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನೀರಿನ ಮೇಲೆ ಇದ್ದರೆ ಕೆನ್ನೆ, ಮೂಗು ಕರಕಲು. ಅಂಗಿಯೊಳಗಿನ ಹೊಟ್ಟೆ ನೋಡಿದರೆ ಬೇರೆ ಯಾರದೋ ಎನ್ನಿಸುತ್ತದೆ. ಸನ್‌ಸ್ಕ್ರೀನ್ ಹಚ್ಚಿದೆ, ಬೆವರಿನೊಂದಿಗೆ ಕಣ್ಣಿಗೆ ಇಳಿದು ಬಲೆ ಕಾಣದಾಯಿತು. ಒಂದು ಟ್ಯೂಬ್ ತಂದು ಎಂಟು ತಿಂಗಳಾಯಿತು, ಇನ್ನೂ ಅರ್ಧ ಇದೆ.

ಔಷಧಿ ಅಂಗಡಿಯವ (ಮಂಗಳವಾರ, ರಾತ್ರಿ 9.10)

ತಮ್ಮಾ, ಎಂಟು ತಿಂಗಳಿಗೆ ಅರ್ಧ ಟ್ಯೂಬ್ ಎಂದರೆ ನೀನು ಹಚ್ಚಿಲ್ಲ, ಮೂಸಿ ನೋಡಿದ್ದೀಯ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು ಮುಖಕ್ಕೆ ಮತ್ತು ಕುತ್ತಿಗೆಗೆ. ಅದು ಸುಮಾರು ಒಂದು ಗ್ರಾಂ. ದಿನಕ್ಕೆ ಒಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬ್ ಎರಡು ತಿಂಗಳು ದಾಟಬಾರದು. ನಿನ್ನಂತೆ ಬಿಸಿಲಲ್ಲೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಡಬ್ಬದ ಮೇಲಿನ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆ, 30 ಎಂದರೆ ಸುಡುವ ಕಿರಣದ ಶೇ. 97ರಷ್ಟನ್ನು ತಡೆಯುತ್ತದೆ, 50 ಎಂದರೆ ಶೇ. 98. ಆ ಒಂದು ಶೇಕಡಾಕ್ಕೆ ಇನ್ನೂರು ರೂಪಾಯಿ ಹೆಚ್ಚು ಕೊಡುವ ಮೊದಲು ಅಗಲ ಅಂಚಿನ ಟೊಪ್ಪಿಗೆ ಕೊಂಡುಕೋ. ಹಣೆಗೆ ಹಚ್ಚಬೇಡ, ಟೊಪ್ಪಿಗೆ ನೋಡಿಕೊಳ್ಳುತ್ತದೆ. ಕಣ್ಣಿಗೆ ಇಳಿಯುವುದು ಹಣೆಯದೇ.

ನಮ್ಮ ಮೀನು ಮಾರುವ ಹೆಂಗಸರನ್ನು ನೋಡು, ತಲೆಯ ಮೇಲೆ ಬುಟ್ಟಿ, ಸೆರಗು ಹಣೆಯವರೆಗೆ. ಒಂದು ರೂಪಾಯಿ ಖರ್ಚಿಲ್ಲ.

ಚೌಕಿಯ ಬಣ್ಣ (ಮಂಗಳವಾರ, ರಾತ್ರಿ 11.48)

ಆಟ ಮುಗಿಸಿ ಬಂದವನಲ್ಲ, ಇವತ್ತು ಬಿಡುವು. ಹೊನ್ನಾವರದ ಕಡೆಯ ಹವ್ಯಾಸಿ ಯಕ್ಷಗಾನ ವೇಷಧಾರಿ, ಮೂವತ್ತು ವರ್ಷದಿಂದ ಮುಖಕ್ಕೆ ಬಣ್ಣ ಹಚ್ಚುತ್ತಿದ್ದೇನೆ. ನಿಮ್ಮ ಈ ಚರ್ಚೆಯಲ್ಲಿ ನನಗೂ ಒಂದು ಮೂಲೆ ಇರಲಿ.

ಚೌಕಿಯಲ್ಲಿ, ಅಂದರೆ ನಾವು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಮೊದಲು ಕೊಬ್ಬರಿ ಎಣ್ಣೆ. ಮುಖ, ಕುತ್ತಿಗೆ, ಕಿವಿಯ ಹಿಂದೆ, ಎಲ್ಲೂ ಬಿಡದೆ. ಅದರ ಮೇಲೆ ಸಫೇದಕ್ಕೆ ಹಳದಿ, ಕೆಂಪು ಬೆರೆಸಿ ಅಂಗೈಯಲ್ಲೇ ಹದ ಮಾಡಿ ಹಚ್ಚುವುದು. ಬೆರಳಿನ ತುದಿಯಿಂದ ತಟ್ಟುತ್ತ ಹೋಗಬೇಕು, ಉಜ್ಜಿದರೆ ಗೆರೆ ಬೀಳುತ್ತದೆ. ಕೊನೆಗೆ ಪೌಡರನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೆಲ್ಲಗೆ ಬಡಿಯುವುದು. ಪೌಡರ್ ಜಾಸ್ತಿಯಾದರೆ ಸ್ತ್ರೀವೇಷವೂ ಸುಣ್ಣದ ಗೋಡೆಯಂತೆ ಕಾಣುತ್ತದೆ. ಆ ಸಫೇದ ಎಂದರೆ ಸತುವಿನ ಆಕ್ಸೈಡ್. ಮಗಳು ಕೊಂಡ ಸನ್‌ಸ್ಕ್ರೀನಿನ ಡಬ್ಬದ ಮೇಲೂ ಅದೇ ಹೆಸರು ಇದ್ದುದನ್ನು ನೋಡಿ, "ಇದನ್ನು ನಾವು ಎಷ್ಟು ವರ್ಷದಿಂದ ಬಳಿದುಕೊಳ್ಳುತ್ತಿದ್ದೇವೆ, ಆದರೆ ರಾತ್ರಿ" ಎಂದೆ.

ಆದರೆ ಹಳಬರು ಬಳಸಿದ ಎಲ್ಲವೂ ಒಳ್ಳೆಯದಾಗಿರಲಿಲ್ಲ. ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ. ಇಂಗಳೀಕ ಪಾದರಸ ಮತ್ತು ಗಂಧಕ, ಅರದಾಳ ಆರ್ಸೆನಿಕ್ ಮತ್ತು ಗಂಧಕ. ನಮ್ಮ ಗುರುಗಳು ಬಣ್ಣ ಹಚ್ಚಿದ ಕೈಯಲ್ಲಿ ಎಲೆ ಅಡಿಕೆ ಮುಟ್ಟಗೊಡುತ್ತಿರಲಿಲ್ಲ. ಕಾರಣ ಹೇಳುತ್ತಿರಲಿಲ್ಲ, ಕೈಮೇಲೆ ಬಾರಿಸುತ್ತಿದ್ದರು.

ಬಣ್ಣ ತೆಗೆಯುವುದೂ ಒಂದು ಕೆಲಸ. ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಸೋಪು ಹಾಕಿ ಉಜ್ಜಿದ ಹುಡುಗರ ಮುಖವೆಲ್ಲ ಹರಿದಿದ್ದನ್ನು ನೋಡಿದ್ದೇನೆ. ಮತ್ತೆ ಕೊಬ್ಬರಿ ಎಣ್ಣೆ, ಹಳೆಯ ಪಂಚೆಯ ಮೆತ್ತನೆ ತುಂಡು, ಆಮೇಲೆ ನೀರು, ಕೊನೆಗೆ ಸೋಪು. ಮದುವೆಯ ಹುಡುಗಿಗೆ ಇಷ್ಟನ್ನಾದರೂ ಹೇಳಿ, ಆರತಕ್ಷತೆ ಮುಗಿಸಿ ಬಣ್ಣ ಹಚ್ಚಿಕೊಂಡೇ ಮಲಗಬಾರದು.

ಹೊಳೆಬದಿಯವಳು (ಬುಧವಾರ, ಬೆಳಿಗ್ಗೆ 11.05)

ಪಾದರಸ ಎಂದು ಓದಿ ಎದೆ ಧಸಕ್ ಎಂದಿತು. ನಮ್ಮ ಭಾವ ಗಲ್ಫಿನಿಂದ ಬರುವಾಗ ಅಲ್ಲಿನ ಅಂಗಡಿಯಲ್ಲಿ ಸಿಗುವ ಒಂದು ಸಣ್ಣ ಡಬ್ಬಿ ತಂದಿದ್ದರು. ಬಿಳಿ ಕ್ರೀಮ್. ಯಾವ ದೇಶದ್ದೆಂದು ತಿಳಿಯದು, ಒಳಗಿರುವ ವಸ್ತುಗಳ ಪಟ್ಟಿ ಇಲ್ಲ. ಒಳಗಿದ್ದ ಚೀಟಿಯಲ್ಲಿ "ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ರಬ್ಬರಿಗೆ ತಾಗಿಸಬೇಡಿ" ಎಂದು ಬರೆದಿದೆ. ಒಡವೆಗೆ ಕೊಳೆ ಹತ್ತದಿರಲಿ ಎಂದು ಬರೆದಿರಬೇಕು ಎಂದುಕೊಂಡು, ಬಳೆ ಬಿಚ್ಚಿಟ್ಟು ಹಚ್ಚುತ್ತಿದ್ದೆ.

ಔಷಧಿ ಅಂಗಡಿಯವ (ಬುಧವಾರ, ಬೆಳಿಗ್ಗೆ 11.20)

ಇವತ್ತಿನಿಂದಲೇ ನಿಲ್ಲಿಸಿ. ಇದರಲ್ಲಿ ಮೆಲ್ಲಗೆ ಇಳಿಸುವ ಪ್ರಶ್ನೆ ಇಲ್ಲ.

ಆ ಚೀಟಿಯ ಸಾಲು ಪಾದರಸದ ಕ್ರೀಮಿನ ಗುರುತು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಪಾದರಸ ಚಿನ್ನವನ್ನು ಕಂಡರೆ ಬಿಡುವುದಿಲ್ಲ, ಯಾವ ಅಕ್ಕಸಾಲಿಗನನ್ನು ಕೇಳಿದರೂ ಹೇಳುತ್ತಾನೆ. ನಿಮ್ಮ ಬಳೆಯನ್ನು ಉಳಿಸಲು ಎಚ್ಚರಿಸಿದವರು ನಿಮ್ಮ ಮೂತ್ರಪಿಂಡದ ಬಗ್ಗೆ ಒಂದಕ್ಷರ ಬರೆದಿಲ್ಲ. ಚರ್ಮದ ಬಣ್ಣ ತಯಾರಾಗುವುದನ್ನು ಪಾದರಸವೂ ತಡೆಯುತ್ತದೆ, ಆದ್ದರಿಂದಲೇ ಹಚ್ಚಿದವರು ಬೆಳ್ಳಗಾಗುತ್ತಾರೆ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡದಲ್ಲಿ ಕೂರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಒಂದು ಆಸ್ಪತ್ರೆಯ ವೈದ್ಯರು 2021ರಿಂದ 2023ರ ನಡುವೆ ಮೂತ್ರಪಿಂಡದ ಒಂದೇ ಬಗೆಯ ಕಾಯಿಲೆ ಇದ್ದ 22 ಮಂದಿಯನ್ನು ವಿಚಾರಿಸಿದಾಗ, ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದುದು ಹೊರಬಿತ್ತು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ಮುಖದ ಕ್ರೀಮಿನಲ್ಲಿ ತಿಳಿಯದೆ ಸೇರಿದ ಪಾದರಸವೂ ಹತ್ತು ಲಕ್ಷಕ್ಕೆ ಒಂದು ಭಾಗ ದಾಟುವಂತಿಲ್ಲ. ಬೇಕೆಂದೇ ಹಾಕಿದ ಕ್ರೀಮುಗಳಲ್ಲಿ ಇದರ ಸಾವಿರಾರು ಪಟ್ಟು ಸಿಕ್ಕಿದ್ದಿದೆ.

ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ, ಸಂಜೆ ಪಾದದಲ್ಲಿ ಬಾವು ಇದೆಯೇ? ಮೂತ್ರದಲ್ಲಿ ಸೋಪಿನಂತೆ ನೊರೆ ಬರುತ್ತದೆಯೇ? ಇದ್ದರೂ ಇಲ್ಲದಿದ್ದರೂ ಮೂತ್ರದ ಪರೀಕ್ಷೆ ಮಾಡಿಸಿ, ಡಬ್ಬಿಯನ್ನು ವೈದ್ಯರಿಗೆ ತೋರಿಸಿ. ಮನೆಯಲ್ಲಿ ಮಕ್ಕಳಿದ್ದರೆ ನಿಮ್ಮ ಟವೆಲ್, ದಿಂಬಿನ ಹೊದಿಕೆ ಅವರಿಗೆ ಬೇಡ.

ಹೊಳೆಬದಿಯವಳು (ಬುಧವಾರ, ಬೆಳಿಗ್ಗೆ 11.31)

ಪಾದದಲ್ಲಿ ಬಾವು ಇದೆ. ಚಪ್ಪಲಿಯ ಪಟ್ಟಿಯ ಗುರುತು ರಾತ್ರಿಯವರೆಗೂ ಹೋಗುವುದಿಲ್ಲ. ಈಗಲೇ ಹೊರಡುತ್ತೇನೆ.

ಪಾರ್ಲರ್ ಅಕ್ಕ (ಬುಧವಾರ, ಮಧ್ಯಾಹ್ನ 3.15)

ಅಂಗಡಿಯವರು, ಟೀಚರು, ಭಾಗವತರ ಮೇಳ ಎಲ್ಲ ಆಯಿತು, ನನ್ನ ಸರದಿ. ಶಿರಸಿಯಲ್ಲಿ ಪಾರ್ಲರ್ ನಡೆಸುತ್ತೇನೆ. ಹೆಸರಿಲ್ಲದ ಡಬ್ಬಿಗೆ ಕ್ರೀಮ್ ತುಂಬಿ "ಸ್ಪೆಷಲ್" ಎಂದು ಮಾರುವವರು ನಮ್ಮ ಕಸುಬಿನಲ್ಲೂ ಇದ್ದಾರೆ, ಅವರಿಂದ ನಮ್ಮೆಲ್ಲರ ಹೆಸರು ಕೆಡುತ್ತದೆ. ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ತಯಾರಾದ ದಿನ, ಒಳಗಿನ ಪಟ್ಟಿ ಇಲ್ಲದ್ದನ್ನು ನಾನು ನನ್ನ ಬಾಗಿಲು ದಾಟಿಸುವುದಿಲ್ಲ.

ಪೌಡರಿನೊಳಗೆ ಏನಿದೆ ಎಂದು ಯಾರೂ ಹೇಳಲಿಲ್ಲ. ಟಾಲ್ಕಂ ಎಂದರೆ ಕಲ್ಲಿನ ಪುಡಿ, ಬಳಪದ ಕಲ್ಲಿನ ಜಾತಿಯದು. ಬೆವರು ಹೀರುತ್ತದೆ, ನುಣುಪು ಕೊಡುತ್ತದೆ, ಅಷ್ಟೇ. ಎಳೆಗೂಸಿಗೆ ಮಾತ್ರ ಮೋಡದಂತೆ ಹಾರಿಸಬೇಡಿ, ಉಸಿರಿನಲ್ಲಿ ಹೋದರೆ ಕೆಟ್ಟದ್ದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟಾಲ್ಕನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಸಾಲಿಗೆ ಸೇರಿಸಿದ ಮೇಲೆ ನಾನು ಮೆಕ್ಕೆಜೋಳದ ಪಿಷ್ಟದ ಪೌಡರಿಗೆ ಬಂದಿದ್ದೇನೆ.

ನಮ್ಮವರು ಮಾಡುವ ದೊಡ್ಡ ತಪ್ಪು ಬಣ್ಣದ ಆಯ್ಕೆ. ಎರಡು ಹಂತ ಬಿಳಿಯ ಕಾಂಪ್ಯಾಕ್ಟ್ ತೆಗೆದುಕೊಂಡು ಹೋಗುತ್ತಾರೆ. ಫೋಟೋದಲ್ಲಿ ಮುಖ ಒಂದು ಊರಿನದು, ಕುತ್ತಿಗೆ ಇನ್ನೊಂದು ಊರಿನದು. ದವಡೆಯ ಅಂಚಿಗೆ ಹಚ್ಚಿ, ಅಂಗಡಿಯಿಂದ ಹೊರಗೆ ಬಂದು ಹಗಲು ಬೆಳಕಿನಲ್ಲಿ ಕನ್ನಡಿ ನೋಡಿ. ಎಲ್ಲಿ ಹಚ್ಚಿದ್ದೆಂದು ಗೊತ್ತಾಗದಿದ್ದರೆ ಅದು ನಿಮ್ಮ ಬಣ್ಣ.

ಅಬ್ಬಲಿಗೆ, ನಿಮ್ಮ ಹುಡುಗಿಗೆ ಬ್ಲೀಚ್, ಫೇಶಿಯಲ್ ಯಾವುದೂ ಬೇಡ. ಕೆಂಪು ಉಳಿದರೆ ಮದುವೆಯ ದಿನ ತಿಳಿಹಸಿರು ಕನ್ಸೀಲರ್ ಕೆಳಗೆ ಹಚ್ಚಿದರೆ ಕೆಂಪು ಅಡಗುತ್ತದೆ, ಇದೂ ಬಣ್ಣದ ಲೆಕ್ಕವೇ. ವೈದ್ಯರು ಒಪ್ಪಿದರೆ ಮಾತ್ರ, ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡಿ.

ನೇರ ಮಾತು (ಬುಧವಾರ, ರಾತ್ರಿ 9.00)

ಎಲ್ಲರೂ ಔಷಧ, ಬಣ್ಣ ಎಂದು ಮಾತಾಡುತ್ತಿದ್ದೀರಿ. ಕಪ್ಪಾಗಿದ್ದರೆ ಏನು ತಪ್ಪು ಎಂದು ಯಾರೂ ಕೇಳಲಿಲ್ಲ. ಕೃಷ್ಣ ಕಪ್ಪು, ದ್ರೌಪದಿ ಕಪ್ಪು. ಓದಿದ ಹುಡುಗಿಯರೇ ಹೀಗೆ ಮಾಡಿದರೆ ಏನು ಹೇಳುವುದು? ಆತ್ಮವಿಶ್ವಾಸ ಇದ್ದರೆ ಕ್ರೀಮ್ ಏಕೆ ಬೇಕು?

ಮದುಮಗಳು (ಬುಧವಾರ, ರಾತ್ರಿ 9.44)

ನಾನೇ ಆ ಹುಡುಗಿ. ಚಿಕ್ಕಿಯ ಮೊಬೈಲಿನಲ್ಲಿ ಎಲ್ಲ ಓದುತ್ತಿದ್ದೆ, ಇವತ್ತು ನನ್ನದೇ ಖಾತೆ ತೆರೆದೆ.

ಸರ್, ಕೃಷ್ಣನನ್ನು ಯಾರೂ ಜಗಲಿಯಲ್ಲಿ ಕೂರಿಸಿ ಕಾಫಿ ಕುಡಿಯುತ್ತ ನೋಡಿ ಹೋಗಲಿಲ್ಲ. ಮೈಬಣ್ಣದ ಮೇಲೆ ಭೇದ ಸಲ್ಲದು ಎಂದು ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಮಾತಾಡಿ ಮೊದಲ ಬಹುಮಾನ ತೆಗೆದುಕೊಂಡವಳು ನಾನು. ಆ ಸ್ಟೀಲ್ ಲೋಟ ಇನ್ನೂ ನಮ್ಮ ಅಡುಗೆಮನೆಯಲ್ಲಿದೆ. ಅವರು "ಸ್ವಲ್ಪ" ಎಂದ ಸಂಜೆ ಅಪ್ಪ ಊಟ ಮಾಡಲಿಲ್ಲ. ತಲೆನೋವು ಎಂದರು. ನನಗೆ ಆತ್ಮವಿಶ್ವಾಸ ಕಡಿಮೆ ಇರಲಿಲ್ಲ, ಅಪ್ಪ ಮತ್ತೊಮ್ಮೆ ಊಟ ಬಿಡಬಾರದು ಎಂದಷ್ಟೇ ಇತ್ತು.

ಈಗ ಒಪ್ಪಿದವರು ನನ್ನನ್ನು ನೋಡಿದ್ದು ಟ್ಯೂಬಿನ ಎರಡನೇ ತಿಂಗಳಲ್ಲಿ, ಹಾಲು ಮುಖದಲ್ಲಿ. ಕ್ರೀಮ್ ಬಿಟ್ಟರೆ ನಾನು ಮೊದಲಿನ ಬಣ್ಣಕ್ಕೆ ಬರುತ್ತೇನೆ. ನನ್ನ ಭಯ ಉರಿಯದಲ್ಲ, ಅದು.

ಘಟ್ಟದ ಮೇಲಿನವಳು (ಬುಧವಾರ, ರಾತ್ರಿ 9.52)

ಕೂಸೇ, ಅವನಿಗೆ ಫೋನ್ ಮಾಡಿ ಹೇಳಿಬಿಡು. ಅತ್ತೆಗಲ್ಲ, ಮಾವನಿಗಲ್ಲ, ಅವನಿಗೆ. ಇವತ್ತೇ.

ಔಷಧಿ ಅಂಗಡಿಯವ (ಬುಧವಾರ, ರಾತ್ರಿ 10.01)

ವೈದ್ಯರ ಚೀಟಿ ತೆಗೆದುಕೊಂಡ ದಿನ ಇಲ್ಲಿ ಬರೆಯಮ್ಮ. ಚೀಟಿಯಲ್ಲಿ ಅರ್ಥವಾಗದ್ದು ಇದ್ದರೆ ನಾನಿದ್ದೇನೆ.

ಹೊಳೆಬದಿಯವಳು (ಒಂಬತ್ತು ದಿನಗಳ ನಂತರ)

ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ. ಬೇಗ ಬಂದಿರಿ, ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಇಳಿಯುತ್ತದೆ ಎಂದರು ವೈದ್ಯರು. ಔಷಧ ಕೊಟ್ಟಿದ್ದಾರೆ, ಹದಿನೈದು ದಿನಕ್ಕೊಮ್ಮೆ ಪರೀಕ್ಷೆ. ಭಾವನಿಗೆ ಫೋನ್ ಮಾಡಿದೆ. ಅಲ್ಲಿ ರೂಮಿನಲ್ಲಿದ್ದ ಆರು ಜನರ ಮನೆಗೂ ಅದೇ ಡಬ್ಬಿ ಹೋಗಿದೆಯಂತೆ. ಎಲ್ಲರಿಗೂ ಹೇಳುತ್ತಿದ್ದಾರೆ.

ಮದುಮಗಳು (ಏಳು ವಾರಗಳ ನಂತರ)

ಮೊದಲ ಮೂರು ವಾರ ಬರೆಯುವ ಸ್ಥಿತಿ ಇರಲಿಲ್ಲ. ವೈದ್ಯರು ಆ ಟ್ಯೂಬ್ ನಿಲ್ಲಿಸಿ, ಉರಿಗೆ ಸ್ಟೆರಾಯ್ಡ್ ಅಲ್ಲದ ಬೇರೆ ಮುಲಾಮು, ವಾಸನೆ ಬಣ್ಣ ಇಲ್ಲದ ಸಾದಾ ಮಾಯಿಶ್ಚರೈಸರ್, ಸತುವಿನ ಸನ್‌ಸ್ಕ್ರೀನ್ ಬರೆದುಕೊಟ್ಟರು. ಸೋಪು ಬಂದ್. ಹತ್ತನೇ ದಿನ ಮುಖ ಬೆಂದ ಬೀಟ್‌ರೂಟ್. ಒದ್ದೆ ಬಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದೆ. ರಾತ್ರಿ ಎರಡು ಗಂಟೆಗೆ ಎದ್ದು ಹಳೆಯ ಟ್ಯೂಬ್ ಹುಡುಕಿದ್ದೂ ಇದೆ, ಅದನ್ನು ಅಮ್ಮ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳು. ಐದನೇ ವಾರದಿಂದ ಉರಿ ಇಲ್ಲ. ಕೆನ್ನೆಯ ಎಳೆ ನರಗಳು ಇವೆ, ಪೂರ್ತಿ ಹೋಗಲು ತಿಂಗಳುಗಳು ಬೇಕಂತೆ, ಕೆಲವು ಹೋಗದೆಯೂ ಇರಬಹುದಂತೆ.

ಫೋನ್ ಮಾಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನಿನ್ನನ್ನು ನೋಡಲು ಬರುವ ದಿನ ತಲೆಗೆ ಬಣ್ಣ ಹಚ್ಚಿದ್ದೆ" ಎಂದರು. ಅವರಿಗೆ 29.

ಪಾರ್ಲರ್ ಅಕ್ಕಾ, ದವಡೆಯ ಅಂಚಿಗೆ ಹಚ್ಚಿ ಹಗಲಿನಲ್ಲಿ ನೋಡಿಯೇ ತೆಗೆದುಕೊಂಡೆ. ಅಂಗಡಿಯವನು "ಇನ್ನೂ ಬಿಳಿಯದು ಇದೆ ಮೇಡಂ" ಎಂದು ಮೂರು ಸಲ ಹೇಳಿದ.

ಒಂದು ಕೇಳಲಾ? ಘಟ್ಟದ ಮೇಲಿನ ಅಕ್ಕನ ಮುರುಗಲ ತುಪ್ಪ ಇನ್ನೂ ಇದೆಯೇ? ಹಿಮ್ಮಡಿಗೆ. ಮೆಹಂದಿಯ ದಿನ ಎಲ್ಲರೂ ಕಾಲನ್ನೇ ನೋಡುತ್ತಾರೆ.

ಘಟ್ಟದ ಮೇಲಿನವಳು (ಅದೇ ದಿನ, ಸಂಜೆ 5.10)

ಎರಡು ಉಂಡೆ ಇಟ್ಟಿದ್ದೇನೆ, ಬಾಳೆಎಲೆಯಲ್ಲಿ ಸುತ್ತಿ. ನಾಳೆ ಕುಮಟೆಗೆ ಇಳಿಯುವ ಬೆಳಗಿನ ಬಸ್ಸಿನಲ್ಲಿ ನಮ್ಮ ಮಾಣಿ ಬರುತ್ತಿದ್ದಾನೆ. ಬಿಸಿಲಿಗೆ ಇಡಬೇಡಿ, ಕರಗಿ ಚೀಲವೆಲ್ಲ ಎಣ್ಣೆಯಾಗುತ್ತದೆ.

ಕುಮಟೆಯ ಟೀಚರ್ (ಅದೇ ದಿನ, ಸಂಜೆ 5.26)

ಬಸ್ ನಿಲ್ದಾಣಕ್ಕೆ ನಾನು ಹೋಗುತ್ತೇನೆ. ಅಂಕೋಲೆಯಿಂದ ನಮ್ಮ ಶಾಲೆಗೆ ಬರುವ ಒಬ್ಬರು ಸಂಜೆ ತಲುಪಿಸುತ್ತಾರೆ. ಒಂದು ಉಂಡೆಯ ಚೂರನ್ನು ಮಕ್ಕಳಿಗೆ ತೋರಿಸಲು ಕೆರೆದುಕೊಳ್ಳಬಹುದೇ?

ಔಷಧಿ ಅಂಗಡಿಯವ (ಅದೇ ದಿನ, ಸಂಜೆ 5.40)

ಹಿಮ್ಮಡಿಗೆ ಮಾತ್ರ, ಅಮ್ಮಾ. ಮುಖಕ್ಕೆ ಬೇಡ.

ಘಟ್ಟದ ಮೇಲಿನವಳು (ಅದೇ ದಿನ, ಸಂಜೆ 5.41)

ಗೊತ್ತು ಮಾರಾಯರೇ.